ಜಾರುವ ಕ್ಲಚ್ಚಿಗೆ ಕೇಬಲ್ ಬಿಗಿ ಮಾಡುವುದು ಮದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದ ಪ್ರಶ್ನೋತ್ತರದಲ್ಲಿ ಓದುಗರೊಬ್ಬರು ತಂದೆಯಿಂದ ಬಂದ ಹಳೆಯ ಬೈಕಿನ ಬಗ್ಗೆ ಕೇಳಿದ್ದರು. ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತದೆ, ಬೈಕು ಮಾತ್ರ ಏರುವುದಿಲ್ಲ, ಏನು ಮಾಡಲಿ ಎಂಬುದು ಪ್ರಶ್ನೆ. ಕೊಟ್ಟ ಉತ್ತರ ಎರಡೇ ಸಾಲು: ಕ್ಲಚ್ ಕೇಬಲ್ ಬಿಗಿ ಮಾಡಿಸಿ, ಸರಿಹೋಗದಿದ್ದರೆ ಪ್ಲೇಟ್ ಬದಲಿಸಿ. ಎರಡನೆಯ ಸಾಲಿನ ಬಗ್ಗೆ ನನಗೆ ಅರ್ಧ ತಕರಾರು. ಮೊದಲನೆಯ ಸಾಲು ಪೂರ್ತಿ ತಪ್ಪು. ಮಾಡಬೇಕಾದದ್ದು ಯಾವುದೋ ಅದಕ್ಕೆ ನೇರ ತದ್ವಿರುದ್ಧ. ಆ ಓದುಗರು ಉತ್ತರವನ್ನು ನಂಬಿ ಕೇಬಲ್ ತಿರುಚಿದ್ದರೆ ಇಷ್ಟು ಹೊತ್ತಿಗೆ ಕ್ಲಚ್ ಇನ್ನಷ್ಟು ಜಾರುತ್ತಿರುತ್ತದೆ. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಇದನ್ನು ಹೇಳಲು ನೀನು ಯಾರು ಎಂದರೆ, ತಾಂತ್ರಿಕ ತರಬೇತಿ ಶಾಲೆಯೊಂದರಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಬಲಗಾಲಿನಲ್ಲಿ ಗೇರ್ ಹಾಕುವ ಹಳೆಯ ಬುಲೆಟ್ ಒಂದು, ಜಾವಾ ಒಂದು ಈಗಲೂ ನನ್ನ ಬಳಿ ಇವೆ. ಓಡಿಸುವುದಕ್ಕಿಂತ ಬಿಚ್ಚಿಡುವುದೇ ಜಾಸ್ತಿ ಎಂಬುದು ಮನೆಯವರ ದೂರು, ಅದರಲ್ಲಿ ಸುಳ್ಳೇನೂ ಇಲ್ಲ.

ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಸೇರಿಸುವ, ಬೇಕೆಂದಾಗ ಬಿಡಿಸುವ ಕ್ಲಚ್ಚಿನೊಳಗೆ ನಡೆಯುವುದು ಇಷ್ಟು. ಎಂಜಿನ್ನಿನಿಂದ ಪ್ರೈಮರಿ ಚೈನ್ ಬಂದು ಒಂದು ಡ್ರಮ್ಮನ್ನು ತಿರುಗಿಸುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಬಾಸ್ಕೆಟ್ ಎನ್ನುತ್ತಾರೆ. ಘರ್ಷಣೆಯ ಪ್ಲೇಟುಗಳ ಹೊರಗಿನ ಹಲ್ಲುಗಳು ಬಾಸ್ಕೆಟ್ಟಿನ ಸೀಳುಗಳಲ್ಲಿ ಕೂತಿರುತ್ತವೆ. ಅವುಗಳ ನಡುನಡುವೆ ಬರುವ ಸ್ಟೀಲ್ ಪ್ಲೇಟುಗಳು ಹಬ್ ಎನ್ನುವ ಒಳಗಿನ ನಡುಭಾಗಕ್ಕೆ ಕಚ್ಚಿಕೊಂಡಿರುತ್ತವೆ. ಹಬ್ಬು ಗೇರ್‌ಬಾಕ್ಸಿನ ಶಾಫ್ಟಿಗೆ ಸೇರಿದ್ದು. ಇಸ್ಪೀಟಿನ ಕಟ್ಟನ್ನು ಅಂಗೈಯಲ್ಲಿ ಅದುಮಿದ ಹಾಗೆ ಈ ಪ್ಲೇಟುಗಳನ್ನೆಲ್ಲ ಸ್ಪ್ರಿಂಗುಗಳು ಎಲ್ಲಕ್ಕೂ ಹೊರಗಿನ ಪ್ರೆಷರ್ ಪ್ಲೇಟಿನ ಮೂಲಕ ಅದುಮಿ ಹಿಡಿಯುತ್ತವೆ. ಅಂದರೆ ಕ್ಲಚ್ ತನ್ನಷ್ಟಕ್ಕೆ ಹಿಡಿದುಕೊಂಡೇ ಇರುವ ವಸ್ತು. ನಾವು ಲಿವರ್ ಎಳೆದು ಮಾಡುವುದು ಬಿಡಿಸುವ ಕೆಲಸ. ಬಹುಪಾಲು ಹಳೆಯ ಬೈಕುಗಳಲ್ಲಿ ಗೇರ್‌ಬಾಕ್ಸಿನ ಟೊಳ್ಳು ಶಾಫ್ಟಿನೊಳಗೆ ಒಂದು ಉಕ್ಕಿನ ಕಡ್ಡಿ ಮಲಗಿರುತ್ತದೆ, ಅದೇ ಪುಶ್ ರಾಡ್. ಕೇಬಲ್ ಎಳೆದಾಗ ಒಂದು ಸಣ್ಣ ತೋಳು ಆ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಪ್ರೆಷರ್ ಪ್ಲೇಟನ್ನು ಹೊರಕ್ಕೆ ಎತ್ತುತ್ತದೆ, ಪ್ಲೇಟುಗಳು ಬಿಡಿಬಿಡಿಯಾಗುತ್ತವೆ.

ಲಿವರ್ ಬಿಟ್ಟಾಗ ಆ ಕಡ್ಡಿಗೂ ಅದರ ಎದುರಿನ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ಇರಬೇಕು. ಲಿವರಿನಲ್ಲಿ ನಾವು ಪ್ಲೇ ಎನ್ನುವುದು ಆ ಅಂತರದ ಗುರುತು. ಕೇಬಲ್ ಬಿಗಿ ಮಾಡಿದರೆ ಆ ಅಂತರ ಸಾಯುತ್ತದೆ. ಕಡ್ಡಿ ಸದಾ ಪ್ರೆಷರ್ ಪ್ಲೇಟಿಗೆ ಒರಗಿಕೊಂಡಿರುತ್ತದೆ, ಸ್ಪ್ರಿಂಗಿನ ಬಲದಲ್ಲಿ ಒಂದಷ್ಟು ಪಾಲು ಕಡ್ಡಿಯ ಮೇಲೆ ಹೋಗುತ್ತದೆ, ಪ್ಲೇಟುಗಳಿಗೆ ಉಳಿಯುವ ಒತ್ತಡ ಕಡಿಮೆ. ಅರ್ಧ ಲಿವರ್ ಹಿಡಿದುಕೊಂಡೇ ಬೈಕು ಓಡಿಸಿದ ಲೆಕ್ಕ. ಪ್ಲೇಟುಗಳು ಒಂದರ ಮೇಲೊಂದು ಜಾರದೆ ಇನ್ನೇನಾಗುತ್ತದೆ?

ಬ್ರೇಕಿನ ಅಭ್ಯಾಸ ಇರುವವರು ಎಡವುವುದೇ ಇಲ್ಲಿ. ಬ್ರೇಕ್ ಶೂ ಸವೆದ ಹಾಗೆ ಪೆಡಲಿನ ಪ್ಲೇ ಹೆಚ್ಚುತ್ತದೆ, ಆಗ ಬಿಗಿ ಮಾಡುತ್ತೇವೆ. ಕ್ಲಚ್ಚಿನಲ್ಲಿ ತಿರುಗುಮುರುಗು. ಪ್ಲೇಟು ಸವೆದು ತೆಳುವಾದ ಹಾಗೆ ಪ್ರೆಷರ್ ಪ್ಲೇಟ್ ಒಳಕ್ಕೆ, ಕಡ್ಡಿಯ ಕಡೆಗೆ, ಸರಿಯುತ್ತದೆ. ಪ್ಲೇ ಕಡಿಮೆಯಾಗುತ್ತ ಬರುತ್ತದೆ. ಆದ್ದರಿಂದ ಸವೆದ ಕ್ಲಚ್ಚಿಗೆ ಬೇಕಾದದ್ದು ಸಡಿಲ. ಸಾಲದ್ದಕ್ಕೆ, ಕೇಬಲ್ ಹಿಗ್ಗುವುದರಿಂದ ಪ್ಲೇ ಹೆಚ್ಚುತ್ತದೆ. ಒಂದು ಕಡೆ ಪ್ಲೇಟ್ ಸವೆಯುತ್ತಿರುತ್ತದೆ, ಇನ್ನೊಂದು ಕಡೆ ಕೇಬಲ್ ಹಿಗ್ಗುತ್ತಿರುತ್ತದೆ, ಒಂದರ ಲಕ್ಷಣವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಲಿವರಿನ ಪ್ಲೇ ಸರಿಯಾಗಿಯೇ ಇದೆಯಲ್ಲ ಎಂದು ಸವಾರ ನೆಮ್ಮದಿಯಾಗಿರುತ್ತಾನೆ, ಒಳಗೆ ತೋಳು ಎಲ್ಲೋ ಓರೆಯಾಗಿ ನಿಂತಿರುತ್ತದೆ. ಕಡೆಗೊಂದು ದಿನ ಹೊಸ ಕೇಬಲ್ ಹಾಕುತ್ತಾನೆ, ಮರುಕ್ಷಣದಿಂದ ಕ್ಲಚ್ ಜಾರಲು ಶುರು. ಬೈಗುಳವೆಲ್ಲ ಹೊಸ ಕೇಬಲ್ಲಿಗೆ.

ಪ್ಲೇ ಇಲ್ಲದೆ ಓಡಿಸಿದರೆ ಹಾಳಾಗುವುದು ಪ್ಲೇಟು ಒಂದೇ ಅಲ್ಲ. ಪುಶ್ ರಾಡಿನ ತುದಿಗಳನ್ನು ಗಟ್ಟಿಗೊಳಿಸಿರುತ್ತಾರೆ. ಕಡ್ಡಿಯ ಒಂದು ತುದಿಯಲ್ಲಿರುವುದು ಎಂಜಿನ್ನಿನ ಜೊತೆ ತಿರುಗುವ ಭಾಗ, ಇನ್ನೊಂದು ತುದಿಯಲ್ಲಿರುವುದು ತಿರುಗದೆ ನಿಂತ ಭಾಗ. ಎಲ್ಲೋ ಒಂದು ಕಡೆ ಉಜ್ಜಲೇಬೇಕು. ಲಿವರ್ ಎಳೆದ ಕೆಲವು ಕ್ಷಣ ಉಜ್ಜಿದರೆ ತಡೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ಒತ್ತಡದಲ್ಲಿ ಉಜ್ಜಿದರೆ ತುದಿ ಕಾಯುತ್ತದೆ, ನೀಲಿಗಟ್ಟುತ್ತದೆ, ಹದ ಕಳೆದುಕೊಂಡು ಮೆತ್ತಗಾಗುತ್ತದೆ, ಕೊನೆಗೆ ಜಜ್ಜಿದ ಆಣಿಯ ತಲೆಯಂತಾಗುತ್ತದೆ. ಕಡ್ಡಿ ಗಿಡ್ಡವಾಗಿ ಆಗ ಪ್ಲೇ ತಾನಾಗಿಯೇ ಹೆಚ್ಚಿಬಿಡುತ್ತದೆ. ಜಾರುತ್ತಿದ್ದ ಕ್ಲಚ್ ಈಗ ಬಿಡದ ಕ್ಲಚ್ ಆಯಿತು! ಸವಾರ ಮತ್ತೆ ಕೇಬಲ್ ಬಿಗಿ ಮಾಡುತ್ತಾನೆ. ಮೆತ್ತಗಾದ ತುದಿ ಮತ್ತಷ್ಟು ಜಜ್ಜುತ್ತದೆ. ಅಗಲವಾದ ತಲೆ ಶಾಫ್ಟಿನ ತೂತಿನಲ್ಲಿ ಸಿಕ್ಕಿಕೊಂಡು ಕಡ್ಡಿಯನ್ನು ಹೊರತೆಗೆಯಲು ಒದ್ದಾಡಿದ ಹುಡುಗರನ್ನು ನಾನು ಕಂಡಿದ್ದೇನೆ. ಕೆಲವು ಯಂತ್ರಗಳಲ್ಲಿ ಕಡ್ಡಿ ಎರಡು ತುಂಡಾಗಿದ್ದು ನಡುವೆ ಅಥವಾ ತುದಿಯಲ್ಲಿ ಒಂದು ಉಕ್ಕಿನ ಗುಂಡು ಇರುತ್ತದೆ. ಬಿಚ್ಚುವಾಗ ಅದು ಸದ್ದಿಲ್ಲದೆ ಉರುಳಿಹೋಗುತ್ತದೆ, ಜೋಡಿಸುವಾಗ ಅದರ ನೆನಪೇ ಇರುವುದಿಲ್ಲ. ಆಮೇಲೆ ಎಷ್ಟು ಅಡ್ಜಸ್ಟ್ ಮಾಡಿದರೂ ಕ್ಲಚ್ ಬಿಡುವುದಿಲ್ಲ.

ಈಗ ರೋಗ ಯಾವುದು ಎಂಬುದನ್ನು ಗುರುತಿಸುವ ಮಾತು. ಕ್ಲಚ್ಚಿನ ತೊಂದರೆ ಮುಖ್ಯವಾಗಿ ಎರಡು ಬಗೆ: ಜಾರುವುದು, ಬಿಡದಿರುವುದು. ಎರಡಕ್ಕೂ ಮದ್ದು ಒಂದಕ್ಕೊಂದು ಎದುರು, ಹೀಗಾಗಿ ಊಹೆಯ ಮೇಲೆ ಸ್ಪ್ಯಾನರ್ ಎತ್ತಬಾರದು. ಟಾಪ್ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತ ಆ್ಯಕ್ಸಿಲರೇಟರನ್ನು ಒಮ್ಮೆಲೇ ತಿರುವಿ. ಎಂಜಿನ್ನಿನ ಸದ್ದು ಮುಂದೆ ಓಡಿ, ಬೈಕು ಹಿಂದೆ ಉಳಿದರೆ ಜಾರುತ್ತಿದೆ. ಇದು ಮೊದಲು ಟಾಪ್ ಗೇರಿನಲ್ಲಿ, ಏರಿನಲ್ಲಿ ಕಾಣಿಸಿಕೊಳ್ಳಲು ಕಾರಣವಿದೆ: ಅಲ್ಲಿ ಎಂಜಿನ್ ಪೂರ್ತಿ ಬಲ ಹಾಕುತ್ತಿರುತ್ತದೆ, ಹೊರೆ ಮಣಿಯುವುದಿಲ್ಲ, ಆ ಬಲವನ್ನು ಕ್ಲಚ್ ಬಹಳ ಹೊತ್ತು ತಡೆದುಕೊಳ್ಳಬೇಕು. ಕಿಕ್ಕರ್ ಗೇರ್‌ಬಾಕ್ಸಿನ ಮೂಲಕ ಎಂಜಿನ್ ತಿರುಗಿಸುವ ಬೈಕುಗಳಲ್ಲಿ ಇನ್ನೊಂದು ಸುಲಭದ ಗುರುತು ಇದೆ. ಕಿಕ್ ಹೊಡೆದಾಗ ಕಾಲು ಕೆಳಗಿಳಿದರೂ ಎಂಜಿನ್ ಮಿಸುಕದಿದ್ದರೆ ಜಾರುವ ಕ್ಲಚ್ಚಿನ ಮೇಲೆ ಮೊದಲ ಅನುಮಾನ ಪಡಬೇಕು.

ಬಿಡದ ಕ್ಲಚ್ಚಿನ ಲಕ್ಷಣ ಬೇರೆ. ಲಿವರ್ ಪೂರ್ತಿ ಎಳೆದಿದ್ದರೂ ನಿಂತ ಬೈಕು ಮುಂದಕ್ಕೆ ತೆವಳುತ್ತದೆ. ಫಸ್ಟ್ ಗೇರ್ ಹಾಕುವಾಗ ಕಟಾರ್ ಎನ್ನುತ್ತದೆ. ಎಂಜಿನ್ ಓಡುತ್ತಿರುವಾಗ ನ್ಯೂಟ್ರಲ್ ಸಿಗುವುದೇ ಇಲ್ಲ, ಎಂಜಿನ್ ಆರಿಸಿದೊಡನೆ ಸಿಗುತ್ತದೆ. ಬುಲೆಟ್ಟಿನವರಿಗೆ ಇಲ್ಲಿ ಒಂದು ವಿಶೇಷ ಮಾತು. ಹಳೆಯ ಬುಲೆಟ್ಟಿನಲ್ಲಿ ಹಿಮ್ಮಡಿಯಿಂದ ಒತ್ತಿದರೆ ಫಸ್ಟ್ ಬಿಟ್ಟು ಬೇರೆ ಯಾವ ಗೇರಿನಿಂದಲಾದರೂ ನೇರ ನ್ಯೂಟ್ರಲ್ಲಿಗೆ ಬರುವ ಒಂದು ಸಣ್ಣ ಲಿವರ್ ಇದೆ. ಅಂದಚೆಂದದ ಉಪಾಯ, ಒಪ್ಪುತ್ತೇನೆ. ಆದರೆ ಅದನ್ನು ಸದಾ ಬಳಸುವವನಿಗೆ ತನ್ನ ಕ್ಲಚ್ ಬಿಡುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷಿಸುವಾಗ ಅದನ್ನು ಮುಟ್ಟಕೂಡದು ಎಂದು ಹೇಳುತ್ತಿದ್ದೆ. ಬೆಳಗ್ಗೆ ಎಣ್ಣೆ ತಣ್ಣಗಿರುವಾಗ ಸ್ವಲ್ಪ ಹಿಡಿದಂತಾಗುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಸಹಜ, ಅದಕ್ಕೆ ಗಾಬರಿ ಬೇಡ.

ಸರಿ, ಅಡ್ಜಸ್ಟ್ ಮಾಡುವುದು ಹೇಗೆ? ಒಳಗಿನಿಂದ ಹೊರಕ್ಕೆ. ಕಡ್ಡಿ ಮೊದಲು, ಕೇಬಲ್ ಆಮೇಲೆ. ಹ್ಯಾಂಡಲ್ಲಿನ ಹತ್ತಿರ ಇರುವ ತಿರುಪು ಕಟ್ಟಕಡೆಗೆ. ಕೈಗೆ ಹತ್ತಿರ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಜನ ಅದರಿಂದ ಶುರು ಮಾಡುತ್ತಾರೆ, ಎಲ್ಲ ಎಡವಟ್ಟಿಗೂ ಅದೇ ಮೂಲ.

ಅದಕ್ಕೂ ಮೊದಲು ಪ್ರೈಮರಿ ಚೈನ್ ನೋಡಿಕೊಳ್ಳಬೇಕು. ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆಯಾಗಿರುವ ಹಲವು ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಗೇರ್‌ಬಾಕ್ಸನ್ನೇ ಹಿಂದಕ್ಕೆ ಮುಂದಕ್ಕೆ ಸರಿಸಿ ಪ್ರೈಮರಿ ಚೈನನ್ನು ಬಿಗಿ ಮಾಡುತ್ತಾರೆ. ಗೇರ್‌ಬಾಕ್ಸ್ ಸರಿದರೆ ಕ್ಲಚ್ ಕೇಬಲ್ಲಿನ ಸಡಿಲವೂ ಬದಲಾಯಿತು, ಹಿಂಬದಿಯ ಚೈನೂ ಬದಲಾಯಿತು. ಹಿಂಬದಿಯ ಚೈನಿಗಾಗಿ ಚಕ್ರ ಸರಿಸಿದರೆ ಹಿಂದಿನ ಬ್ರೇಕು ಕೂಡ. ಕ್ಲಚ್ಚನ್ನು ಮೊದಲು ಸರಿಮಾಡಿ ಆಮೇಲೆ ಚೈನ್ ಮುಟ್ಟಿದರೆ ಮಾಡಿದ್ದೆಲ್ಲ ನೀರುಪಾಲು. ಬುಲೆಟ್ಟಿನಲ್ಲಿ ಪ್ರೈಮರಿ ಚೈನಿಗೆ ಕೆಳಗಿನಿಂದ ಒತ್ತುವ ಟೆನ್ಷನರ್ ಇರುವುದರಿಂದ ಈ ರಗಳೆ ಇಲ್ಲ. ಅಲ್ಲಿ ಚೈನಿನ ನಡುವೆ ಸುಮಾರು 6 ಮಿ.ಮೀ. ಆಟ ಇದ್ದರೆ ಸಾಕು. ಯಾವುದೇ ಬೈಕಿನಲ್ಲಾಗಲಿ, ಎಂಜಿನ್ ತಿರುಗಿಸುತ್ತ ನಾಲ್ಕಾರು ಕಡೆ ನೋಡಿ, ಅತಿ ಬಿಗಿಯಾದ ಜಾಗದಲ್ಲಿ ಅಳೆಯಬೇಕು. ಜೋಲು ಚೈನಿನ ಜಗ್ಗಾಟವನ್ನು ಕ್ಲಚ್ಚಿನ ನಡುಕ ಎಂದು ತಿಳಿದು ಪ್ಲೇಟಿಗೆ ದುಡ್ಡು ಸುರಿದವರುಂಟು.

ಇನ್ನು ಕಡ್ಡಿ. ಹ್ಯಾಂಡಲ್ಲಿನ ತಿರುಪನ್ನು, ಕೇಬಲ್ಲಿಗೆ ನಡುದಾರಿಯಲ್ಲೂ ಒಂದು ತಿರುಪು ಇದ್ದರೆ ಅದನ್ನೂ, ಪೂರ್ತಿ ಒಳಕ್ಕೆ ತಿರುಗಿಸಿ ಕೇಬಲ್ಲನ್ನು ಜೋಲು ಬಿಡಬೇಕು. ಈಗ ಕಡ್ಡಿಯ ಅಡ್ಜಸ್ಟರ್ ಹುಡುಕಬೇಕು. ಅಲ್ಬಿಯನ್ ಗೇರ್‌ಬಾಕ್ಸಿನ ಹಳೆಯ ಬುಲೆಟ್ಟಿನಲ್ಲಿ ಅದು ಬಲಬದಿಯಲ್ಲಿ, ಗೇರ್‌ಬಾಕ್ಸಿನ ಸಣ್ಣ ಮುಚ್ಚಳದ ಹಿಂದೆ. ಟ್ರಯಂಫ್ ಜೋಡಿ ಸಿಲಿಂಡರುಗಳಲ್ಲಿ ಎಡಬದಿಯ ಪ್ರೆಷರ್ ಪ್ಲೇಟಿನ ನಟ್ಟನಡುವೆ. ಎರಡು ಪಕ್ಕಕ್ಕೂ ಸಿಲಿಂಡರ್ ಚಾಚಿದ ಹಳೆಯ ಬಿಎಂಡಬ್ಲ್ಯು ಬಾಕ್ಸರುಗಳ ಸಂಗತಿಯೇ ಬೇರೆ, ಅಲ್ಲಿ ಫ್ಲೈವೀಲಿನಲ್ಲಿ ಒಂದೇ ಪ್ಲೇಟಿನ ಒಣ ಕ್ಲಚ್, ಅಡ್ಜಸ್ಟರ್ ಗೇರ್‌ಬಾಕ್ಸಿನ ಹಿಂಬದಿಯ ತೋಳಿನಲ್ಲಿ. ಎಲ್ಲಿದ್ದರೂ ಅದೊಂದು ತಿರುಪು, ಅದಕ್ಕೊಂದು ಲಾಕ್ ನಟ್. ಲಾಕ್ ನಟ್ ಸಡಿಲಿಸಿ, ತಿರುಪನ್ನು ಎರಡೇ ಬೆರಳಿನ ಬಲದಿಂದ ಒಳಕ್ಕೆ ತಿರುಗಿಸುತ್ತ ಹೋಗಿ. ಒಂದು ಹಂತದಲ್ಲಿ ಮೆಲ್ಲಗೆ ತಾಗುತ್ತದೆ. ಅಲ್ಲಿ ನಿಲ್ಲಿಸಿ, ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ. ನಿಮ್ಮ ಯಂತ್ರದ ಕೈಪಿಡಿ ಬೇರೆ ಲೆಕ್ಕ ಹೇಳಿದರೆ ಅದನ್ನೇ ನಂಬಿ, ನನ್ನದನ್ನಲ್ಲ. ಲಾಕ್ ನಟ್ ಬಿಗಿಯುವಾಗ ತಿರುಪನ್ನು ಸ್ಕ್ರೂಡ್ರೈವರಿನಿಂದ ಅಲುಗದಂತೆ ಹಿಡಿದುಕೊಂಡಿರಬೇಕು. ಇಲ್ಲದಿದ್ದರೆ ನಟ್ಟಿನ ಜೊತೆ ತಿರುಪೂ ತಿರುಗಿ, ಬಿಟ್ಟ ಅಂತರ ಅಲ್ಲೇ ಮಾಯ. ತರಗತಿಯಲ್ಲಿ ಅತಿ ಹೆಚ್ಚು ಸಲ ಬಾಯಿ ನೋಯಿಸಿಕೊಂಡದ್ದು ಈ ಒಂದು ಮಾತಿಗೆ.

ಕಡ್ಡಿಯಿಂದ ಶುರು ಮಾಡುವುದಕ್ಕೆ ಇನ್ನೊಂದು ಕಾರಣ ತೋಳಿನ ಕೋನ. ತೋಳು ತನ್ನ ಓಟದ ನಡುವೆ ಕೇಬಲ್ಲಿಗೆ ಸುಮಾರು ಲಂಬವಾಗಿ ಬಂದರೆ ಎಳೆತ ಪೂರ್ತಿ ಕೆಲಸಕ್ಕೆ ಬರುತ್ತದೆ. ತಿರುಪನ್ನು ಗಮನಿಸದೆ ಬರೀ ಕೇಬಲ್ಲನ್ನು ಎಳೆಯುತ್ತ ಹೋದರೆ ತೋಳು ಮೊದಲೇ ಓರೆಯಾಗಿ ನಿಲ್ಲುತ್ತದೆ. ಲಿವರ್ ಗ್ರಿಪ್ಪಿಗೆ ತಾಗುವವರೆಗೆ ಎಳೆದರೂ ಕಡ್ಡಿ ಅರ್ಧ ದಾರಿ ಮಾತ್ರ ಹೋಗುತ್ತದೆ, ಲಿವರ್ ಬೇರೆ ಕಲ್ಲಿನಷ್ಟು ಗಟ್ಟಿ.

ಇದಾದ ಮೇಲೆ ಕೇಬಲ್ಲಿನ ತಿರುಪಿನಿಂದ ಲಿವರಿನ ಬುಡದಲ್ಲಿ 2ರಿಂದ 3 ಮಿ.ಮೀ. ಪ್ಲೇ ಇಡಿ. ಹ್ಯಾಂಡಲ್ಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಿ, ಪ್ಲೇ ಬದಲಾಗಬಾರದು. ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಒಂದು ಸುತ್ತು ಓಡಿಸಿ, ಎಂಜಿನ್ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಬೇಕು. ಬಿಸಿಗೆ ಕಡ್ಡಿ, ಪ್ಲೇಟು, ಅಲ್ಯೂಮಿನಿಯಂ ಕವಚ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪ್ಲೇ ಒಂದಿಷ್ಟು ಆಚೀಚೆ ಆಗುತ್ತದೆ. ಯಾವ ಕಡೆಗೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಬಿಸಿಯಲ್ಲಿ ಪ್ಲೇ ಪೂರ್ತಿ ಮಾಯವಾದರೆ ಇನ್ನೊಂದು ಎಳೆ ಸಡಿಲ ಬಿಡಿ.

ಜಾವಾದವರು ಇದನ್ನು ಇನ್ನೂ ಒಂದು ಕೈ ಹೆಚ್ಚು ಗಮನಿಸಬೇಕು. ಹಳೆಯ ಜಾವಾ, ಯೆಜ್ಡಿಗಳಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಗೇರ್ ಲಿವರನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ ತಾನೇ ಬಿಡುತ್ತದೆ, ಕೈ ಲಿವರ್ ಮುಟ್ಟಲೇಬೇಕೆಂದಿಲ್ಲ. ಒಳಗಿನ ಅಂತರ ಹೆಚ್ಚಾದರೆ ಕಾಲಿನಿಂದ ಬಿಡಿಸುವುದೂ ಅರೆಬರೆಯಾಗಿ ಗೇರ್ ಗರಗರ ಎನ್ನುತ್ತದೆ. ಕೇಬಲ್ಲಿನ ತಿರುಪಿನಿಂದ ಇದನ್ನು ಸರಿಮಾಡಲು ಸಾಧ್ಯವೇ ಇಲ್ಲ, ಆ ದಾರಿಯಲ್ಲಿ ಕೇಬಲ್ಲೇ ಇಲ್ಲವಲ್ಲ! ಗೇರ್‌ಬಾಕ್ಸ್ ಹೋಯಿತೆಂದು ತಲೆಯ ಮೇಲೆ ಕೈಹೊತ್ತು ಕೂತ ಜಾವಾ ಮಾಲೀಕರಿಗೆ ಮೊದಲು ಕ್ಲಚ್ಚಿನ ಅಂತರ ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಕೇಬಲ್ಲಿನ ಬಗ್ಗೆಯೂ ಎರಡು ಮಾತು. ಕ್ಲಚ್ ಗಟ್ಟಿ ಎಂದು ದೂರುವ ಬಹುಪಾಲು ಬೈಕುಗಳಲ್ಲಿ ಕೇಬಲ್ಲೇ ಗಟ್ಟಿ. ಎರಡೂ ತುದಿ ಬಿಚ್ಚಿ ಕೈಯಲ್ಲಿ ಎಳೆದು ನೋಡಿದರೆ ತಿಳಿಯುತ್ತದೆ. ತೀರಾ ಚಿಕ್ಕ ತಿರುವಿನಲ್ಲಿ ಬಗ್ಗಿಸಿದ್ದರೆ, ಟ್ಯಾಂಕಿನ ಕೆಳಗೆ ಅದುಮಿಕೊಂಡಿದ್ದರೆ ಎಷ್ಟು ಎಣ್ಣೆ ಬಿಟ್ಟರೂ ಅಷ್ಟೆ. ಲಿವರಿನಲ್ಲಿ ಕೂರುವ ಕೇಬಲ್ ತುದಿಯ ಗುಬುಟು, ಅಂದರೆ ನಿಪ್ಪಲ್, ಸಲೀಸಾಗಿ ತಿರುಗಬೇಕು, ತಿರುಗದಿದ್ದರೆ ಪ್ರತಿ ಎಳೆತಕ್ಕೂ ತಂತಿ ಅಲ್ಲೇ ಬಗ್ಗಿ ಒಂದೊಂದೇ ಎಳೆ ಕಡಿಯುತ್ತದೆ. ಇನ್ನು ಲಿವರ್. ಹಳೆಯ ಬ್ರಿಟಿಷ್ ಬೈಕುಗಳ ಲಿವರುಗಳಲ್ಲಿ ತಿರುಗುಗೂಟಕ್ಕೂ ನಿಪ್ಪಲ್ಲಿಗೂ ನಡುವಿನ ದೂರ ಸಾಮಾನ್ಯವಾಗಿ ಎರಡು ಬಗೆ, ಸುಮಾರು 22 ಮಿ.ಮೀ. ಮತ್ತು 27 ಮಿ.ಮೀ. ನೋಡಲು ಎರಡೂ ಒಂದೇ ತರಹ. 27ರದ್ದು ಹೆಚ್ಚು ಕೇಬಲ್ ಎಳೆಯುತ್ತದೆ, 22ರದ್ದು ಹಗುರ, ಎಳೆತ ಕಡಿಮೆ. ಮೊದಲು 27ರ ಲಿವರ್ ಇದ್ದ ಬೈಕಿಗೆ 22ರದ್ದನ್ನು ಹಾಕಿದರೆ ಆ ಕ್ಲಚ್ ಎಂದಿಗೂ ಪೂರ್ತಿ ಬಿಡುವುದಿಲ್ಲ. ಮಿರಿಮಿರಿ ಮಿಂಚುವ ಹೊಸ ಲಿವರ್ ಹಾಕಿಸಿದ ದಿನದಿಂದ ನ್ಯೂಟ್ರಲ್ ಸಿಗುತ್ತಿಲ್ಲ ಎನ್ನುವವರು ಒಂದು ಸ್ಕೇಲ್ ಹಿಡಿದು ಅಳೆಯಲಿ.

ಇಷ್ಟು ಮಾಡಿಯೂ ಜಾರಿದರೆ ಮಾತ್ರ ಮುಚ್ಚಳ ತೆಗೆಯಬೇಕು. ತೆಗೆದೊಡನೆ ಪ್ಲೇಟಿಗೆ ಕೈ ಹಾಕಬೇಡಿ. ಒಬ್ಬರು ಲಿವರ್ ಎಳೆದು ಹಿಡಿಯಲಿ, ಇನ್ನೊಬ್ಬರು ಕಿಕ್ಕರಿನಿಂದ ಕ್ಲಚ್ಚನ್ನು ಮೆಲ್ಲಗೆ ತಿರುಗಿಸುತ್ತ ಪ್ರೆಷರ್ ಪ್ಲೇಟನ್ನು ನೋಡಲಿ. ಅದು ಎಲ್ಲ ಕಡೆಯೂ ಸಮನಾಗಿ ಎದ್ದಿರಬೇಕು. ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಎದ್ದು ತೊನೆಯುತ್ತಿದ್ದರೆ ಸ್ಪ್ರಿಂಗುಗಳ ಬಲ ಸಮ ಇಲ್ಲ. ನಟ್ಟಿನಿಂದ ಸ್ಪ್ರಿಂಗ್ ಹೊಂದಿಸಬಹುದಾದ ಬೈಕುಗಳಲ್ಲಿ ಹೆಚ್ಚು ಎದ್ದ ಕಡೆಯ ನಟ್ಟನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತ ತೊನೆಯುವುದು ನಿಲ್ಲುವವರೆಗೆ ತಾಳ್ಮೆಯಿಂದ ಹೊಂದಿಸಬೇಕು. ಬೇಸರದ ಕೆಲಸ. ಆದರೆ ಇಡೀ ಕ್ಲಚ್ಚಿನ ಕೆಲಸದಲ್ಲಿ ಇಷ್ಟು ಫಲ ಕೊಡುವುದು ಬೇರೊಂದಿಲ್ಲ. ಬೆಣ್ಣೆಯಂಥ ಗೇರುಗಳನ್ನು ಕೊಡುವುದು ಹೊಸ ಪ್ಲೇಟಲ್ಲ, ಸಮನಾಗಿ ಏಳುವ ಪ್ರೆಷರ್ ಪ್ಲೇಟ್. ಹೊಂದಿಸಲು ಬಾರದ, ನಟ್ ತಳಮುಟ್ಟ ಬಿಗಿಯುವ ಬಗೆಯವೂ ಇವೆ. ಅಲ್ಲಿ ತೊನೆತ ಕಂಡರೆ ಸ್ಪ್ರಿಂಗ್ ಬಿಚ್ಚಿ ಅಕ್ಕಪಕ್ಕ ನಿಲ್ಲಿಸಿ ಎತ್ತರ ನೋಡಿ. ಹೊಸದಕ್ಕಿಂತ 2-3 ಮಿ.ಮೀ. ಗಿಡ್ಡವಾದದ್ದು ಒಂದೇ ಇದ್ದರೂ ಇಡೀ ಜೊತೆಯನ್ನೇ ಬದಲಿಸುವವನು ನಾನು.

ಜಾರುತ್ತದೆ ಎಂದು ಸ್ಪ್ರಿಂಗುಗಳನ್ನೆಲ್ಲ ಕಡೆಯ ಎಳೆಯವರೆಗೆ ಬಿಗಿದು ಬಿಡುವ ವೀರರಿದ್ದಾರೆ. ಒಂದಷ್ಟು ದಿನ ಜಾರುವುದು ನಿಲ್ಲುತ್ತದೆ, ನಿಜ. ಬದಲಿಗೆ ಕೇಬಲ್ ಕಡಿಯುತ್ತದೆ, ಕಡ್ಡಿಯ ತುದಿ ಸವೆಯುತ್ತದೆ. ಲಿವರ್ ಎಳೆದಾಗಲೆಲ್ಲ ಗೇರ್‌ಬಾಕ್ಸಿನ ಬೇರಿಂಗುಗಳಿಗೆ ಹೊರೆ. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ನಿಂತರೆ ಪ್ರೆಷರ್ ಪ್ಲೇಟ್ ಏಳಲು ಜಾಗವೇ ಉಳಿಯುವುದಿಲ್ಲ.

ಪ್ಲೇಟಿನ ವಿಚಾರ. ಹಳೆಯ ಬೈಕುಗಳಲ್ಲಿ ಬಹಳಷ್ಟಕ್ಕೆ ಕಾರ್ಕ್ ಕೂರಿಸಿದ ಪ್ಲೇಟುಗಳು. ಕಾರ್ಕಿಗೆ ಎಣ್ಣೆ ಒಗ್ಗುತ್ತದೆ, ಬಿಸಿ ಒಗ್ಗುವುದಿಲ್ಲ. ಎಣ್ಣೆಯಿಲ್ಲದೆ ಜಾರಿಸಿದರೆ ಸುಟ್ಟು ಕರಕಲಾಗುತ್ತದೆ. ಅಂಟಿಸಿದ ಘರ್ಷಣೆಯ ಪದರದ, ಅಂದರೆ ಲೈನಿಂಗಿನ, ಹೊಸ ಪ್ಲೇಟುಗಳನ್ನು ಎಣ್ಣೆ ಕ್ಲಚ್ಚಿಗೆ ಹಾಕುವ ಮೊದಲು ಒಂದು ರಾತ್ರಿ ಅದೇ ಎಣ್ಣೆಯಲ್ಲಿ ನೆನೆಹಾಕಬೇಕು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒಣ ಕ್ಲಚ್ಚಿನ ಪುಡಿಯನ್ನು ಗಾಳಿ ಹೊಡೆದು, ಬಾಯಲ್ಲಿ ಊದಿ ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಇದನ್ನು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಸ್ಟೀಲ್ ಪ್ಲೇಟುಗಳನ್ನು ದಪ್ಪ ಗಾಜಿನ ಮೇಲಿಟ್ಟು ಅಂಚಿನಲ್ಲಿ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ತೂರಿಸಿ ನೋಡಿ, 0.2 ಮಿ.ಮೀ. ತೂರಿದರೆ ನಾನು ಎಸೆಯುತ್ತೇನೆ. ಬಾಗಿದ ಪ್ಲೇಟು ಎಷ್ಟು ಎಳೆದರೂ ಪಕ್ಕದ್ದನ್ನು ಬಿಡುವುದಿಲ್ಲ. ಬಾಗಿರದೆ ಬರೀ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದೇ ಗಾಜಿನ ಮೇಲೆ ಎಮೆರಿ ಕಾಗದ ಹಾಸಿ ಉಜ್ಜಿದರೆ ಸಾಕು.

ಬಾಸ್ಕೆಟ್ಟಿನ ಸೀಳುಗಳ ಮೇಲೆ ಉಗುರು ಎಳೆದು ನೋಡಿ. ಪ್ಲೇಟಿನ ಹಲ್ಲುಗಳು ಬಡಿದು ಬಡಿದು ಅಲ್ಲಿ ಕಚ್ಚುಗಳಾಗಿರುತ್ತವೆ. ಲಿವರ್ ಎಳೆದಾಗ ಪ್ಲೇಟುಗಳು ಆ ಕಚ್ಚುಗಳಲ್ಲಿ ಸಿಕ್ಕಿ ನಿಲ್ಲುತ್ತವೆ, ಸರಿಯುವುದಿಲ್ಲ. ಕಚ್ಚು ಸಣ್ಣದಿದ್ದರೆ ಅರದಿಂದ ಉಜ್ಜಿ ಸಮ ಮಾಡಬಹುದು. ಆಳವಾಗಿದ್ದರೆ ಉಜ್ಜಿದಷ್ಟೂ ಸೀಳು ಅಗಲವಾಗಿ ಹಲ್ಲುಗಳ ಬಡಿತ ಜೋರಾಗುತ್ತದೆ, ಬಾಸ್ಕೆಟ್ ಬದಲಿಸುವುದೇ ಮೇಲು. ಹೊಸ ಪ್ಲೇಟ್ ಹಾಕಿಸಿಯೂ ಸರಿಹೋಗಲಿಲ್ಲ ಎನ್ನುವ ಕತೆಗಳಲ್ಲಿ ಅರ್ಧಕ್ಕರ್ಧ ಈ ಕಚ್ಚುಗಳದೇ ಎಂದು ನನ್ನ ಅಂದಾಜು. ನಿಮ್ಮ ಅಂಕಣಕಾರರ ಎರಡನೆಯ ಸಾಲಿಗೆ ಅರ್ಧ ತಕರಾರು ಎಂದೆನಲ್ಲ, ಅದು ಇದೇ.

ಎಣ್ಣೆಯನ್ನು ಮರೆಯುವಂತಿಲ್ಲ. ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ಬೈಕಿಗೆ, ಇಂಧನ ಉಳಿಸುತ್ತದೆ ಎಂದು ಬರೆದ ಕಾರಿನ ಎಣ್ಣೆ ಹಾಕಬಾರದು. ಅದರಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಇರುತ್ತದೆ, ಕ್ಲಚ್ ಬದುಕಿರುವುದೇ ಘರ್ಷಣೆಯಿಂದ. ಜಪಾನಿನ ಜಾಸೋ ಎಂಬ ಮಾನದಂಡ ಸಂಸ್ಥೆ 1998ರಲ್ಲಿ ನಾಲ್ಕು ಸ್ಟ್ರೋಕ್ ಬೈಕುಗಳ ಎಣ್ಣೆಗೆಂದೇ ಒಂದು ಮಾನದಂಡ ತಂದಿತು. ಡಬ್ಬಿಯ ಮೇಲೆ ಜಾಸೋ ಎಂಎ ಎಂದಿದ್ದರೆ ಎಣ್ಣೆ ಕ್ಲಚ್ಚಿಗೆ ಆಗುತ್ತದೆ, ಎಂಬಿ ಎಂದಿದ್ದರೆ ಬೇಡ. ಪ್ರೈಮರಿ ಕೇಸಿಗೆ ಪ್ರತ್ಯೇಕ ಎಣ್ಣೆ ಇರುವ ಹಳೆಯ ಬೈಕುಗಳಲ್ಲಿ ಕೈಪಿಡಿ ಹೇಳಿದ ದಪ್ಪದ ಎಣ್ಣೆಯನ್ನು ಲೆವೆಲ್ ತಿರುಪಿನ ತೂತಿನವರೆಗೆ ಮಾತ್ರ ಹಾಕಬೇಕು. ಪಾಪ, ಇರಲಿ ಎಂದು ಇನ್ನಷ್ಟು ಸುರಿದರೆ ಕ್ಲಚ್ ಬಿಡದೆ ಕಾಡುತ್ತದೆ. ಒಣ ಕ್ಲಚ್ಚಿನ ಬೈಕು ಜಾರಿದರೆ ಮೊದಲು ಎಣ್ಣೆ ಸೀಲುಗಳನ್ನು ಅನುಮಾನಿಸಿ. ಸೀಲ್ ಸೋರುತ್ತಿರುವಾಗ ಪ್ಲೇಟ್ ಬದಲಿಸುವುದು ವ್ಯರ್ಥ.

ಬಹಳ ದಿನ ನಿಲ್ಲಿಸಿಟ್ಟ ಬೈಕುಗಳ ವಿಷಯ ಚಿಕ್ಕದು. ಪ್ಲೇಟುಗಳು ಎಣ್ಣೆಯಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸ್ಟಾರ್ಟ್ ಮಾಡುವ ಮೊದಲು ಇಗ್ನಿಷನ್ ಆರಿಸಿಟ್ಟು, ಲಿವರ್ ಪೂರ್ತಿ ಎಳೆದು ನಾಲ್ಕೈದು ಸಲ ಕಿಕ್ ಹೊಡೆದರೆ ಕಿಕ್ಕರ್ ಕ್ಲಚ್ಚಿನ ಮೂಲಕ ಕೆಲಸ ಮಾಡುವ ಬೈಕುಗಳಲ್ಲಿ ಪ್ಲೇಟುಗಳು ಬಿಡುತ್ತವೆ. ಇದಕ್ಕೆ ಅಡ್ಜಸ್ಟ್‌ಮೆಂಟಿನ ಅಗತ್ಯವೇ ಇಲ್ಲ. ಇದನ್ನು ಮಾಡದೆ ಫಸ್ಟ್ ಗೇರಿಗೆ ಒದ್ದು, ಬೈಕು ಜಿಗಿದು ಗೋಡೆಗೆ ಹೋಗಿ, ಆಮೇಲೆ ಕ್ಲಚ್ ಕೇಬಲ್ ಬಿಗಿ ಮಾಡಿಸಲು ಬಂದವರನ್ನೂ ನೋಡಿದ್ದೇನೆ.

ಪ್ರಶ್ನೆ ಕೇಳಿದ ಆ ಓದುಗರಿಗೆ ದಯವಿಟ್ಟು ತಿದ್ದುಪಡಿ ತಲುಪಿಸಿ. ಅವರು ಬಿಗಿ ಮಾಡಿದ ಕೇಬಲ್ಲನ್ನು ಇವತ್ತೇ ಸಡಿಲಿಸಲಿ, ಕಡ್ಡಿಯನ್ನು ಹೊರತೆಗೆದು ತುದಿ ನೀಲಿಗಟ್ಟಿದೆಯೇ ನೋಡಲಿ. ನೀಲಿ ಇದ್ದರೆ ಕಡ್ಡಿ ಬದಲಿಸದೆ ಬೇರೆ ಯಾವ ಅಡ್ಜಸ್ಟ್‌ಮೆಂಟೂ ನಿಲ್ಲುವುದಿಲ್ಲ. ಪತ್ರ ಉದ್ದವಾಯಿತು, ಕತ್ತರಿ ಹಾಕುವುದು ನಿಮ್ಮ ಹಕ್ಕು. ಲಿವರಿನ ಅಳತೆ, ಬಿಎಂಡಬ್ಲ್ಯು, ಗೋಡೆಗೆ ಹೋದ ಬೈಕು ಎಲ್ಲ ಬೇಕಾದರೆ ತೆಗೆಯಿರಿ. ಲಾಕ್ ನಟ್ ಬಿಗಿಯುವಾಗ ತಿರುಪು ಹಿಡಿದುಕೊಳ್ಳಿ ಎಂಬ ಸಾಲನ್ನು ಮಾತ್ರ ಬಿಡಬೇಡಿ.

ಇಂತಿ,
ನಿವೃತ್ತ ಮೋಟಾರ್ ಮೆಕ್ಯಾನಿಕ್ ಶಿಕ್ಷಕ, ನಿಮ್ಮ ಹಳೆಯ ಓದುಗ